‘ಮಾತ್ರೆ ಹಿಡಿಸಲಿಲ್ಲ’ ಎಂಬ ಮಾತು

ಕೆಲವು ವರ್ಷಗಳ ಹಿಂದೆ, ರಕ್ತದೊತ್ತಡ ಹೆಚ್ಚಿದೆಯೆಂದು ವೈದ್ಯರು ಬರೆದುಕೊಟ್ಟ ಎನಾಲಪ್ರಿಲ್ ಎಂಬ ಪುಟ್ಟ ಮಾತ್ರೆಯನ್ನು ದಿನವೂ ಬೆಳಗಿನ ತಿಂಡಿಯಾದ ಮೇಲೆ ನುಂಗುವ ಅಭ್ಯಾಸ ಮಾಡಿಕೊಂಡ ಮೂರನೆಯದೋ ನಾಲ್ಕನೆಯದೋ ವಾರದಲ್ಲಿ ನನಗೊಂದು ಕೆಮ್ಮು ಹತ್ತಿಕೊಂಡಿತು. ಕಫವಿಲ್ಲ, ಜ್ವರವಿಲ್ಲ, ನೆಗಡಿಯಿಲ್ಲ. ಗಂಟಲಿನ ಬುಡದಲ್ಲಿ ಕೋಳಿಯ ಗರಿಯೊಂದನ್ನು ಯಾರೋ ಮೆಲ್ಲಗೆ ಆಡಿಸುತ್ತಿರುವಂತಹ ಕೆರೆತ, ಅದರ ಬೆನ್ನಿಗೇ ಕಣ್ಣಲ್ಲಿ ನೀರು ಬರುವಷ್ಟು ಒಣಕೆಮ್ಮು. ಹಗಲು ಹೇಗೋ ಕಳೆಯುತ್ತಿತ್ತು. ಇರುಳು ದಿಂಬಿಗೆ ತಲೆಯಾನಿಸಿದೊಡನೆಯೇ ಅದು ಆರಂಭವಾಗಿ, ಎದ್ದು ಕುಳಿತು ಬಿಸಿನೀರು ಕುಡಿದು ಗೋಡೆಗೊರಗಿಕೊಂಡೇ ಬೆಳಕು ಹರಿಸಿದ ರಾತ್ರಿಗಳು ಎಷ್ಟೋ. ಮನೆಯವರು ಶುಂಠಿ, ಕಾಳುಮೆಣಸು, ಜ್ಯೇಷ್ಠಮಧು ಕುದಿಸಿ ಕಷಾಯ ಮಾಡಿಕೊಟ್ಟರು. ಒಬ್ಬ ವೈದ್ಯರು ಕೆಮ್ಮಿನ ಸಿರಪ್ಪನ್ನು ಕೊಟ್ಟರು. ಅದು ಮಲಬದ್ಧತೆಯನ್ನು ತಂದಿತು, ಅದಕ್ಕೆ ಇನ್ನೊಂದು ಔಷಧ ಬಂದಿತು. ಮತ್ತೊಬ್ಬರು ಐದು ದಿನದ ಆಂಟಿಬಯಾಟಿಕ್ಕನ್ನು ಬರೆದರು. ಎದೆಯ ಎಕ್ಸ್‌ರೇ ಆಯಿತು, ಕಫವೇ ಇಲ್ಲದವನ ಕಫಪರೀಕ್ಷೆಯೂ ಆಯಿತು. ಪಕ್ಕದ ಮನೆಯ ಮಗು ನಮ್ಮಲ್ಲಿಗೆ ಆಡಲು ಬರುವುದು ನಿಂತುಹೋಯಿತು. ಏಕೆ ನಿಂತಿತೆಂಬುದನ್ನು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಐದು ತಿಂಗಳು ಹೀಗೆ ಕಳೆದ ಮೇಲೆ, ಒಂದು ಮದುವೆಗಾಗಿ ಊರಿಗೆ ಹೋಗಿದ್ದಾಗ, ಅಲ್ಲಿಯ ವಯಸ್ಸಾದ ವೈದ್ಯರೊಬ್ಬರು ನನ್ನ ಎದೆಗೆ ಸ್ಟೆತಾಸ್ಕೋಪನ್ನು ಇಡುವುದಕ್ಕೂ ಮೊದಲು ಒಂದು ಪ್ರಶ್ನೆಯನ್ನು ಕೇಳಿದರು: “ಕೆಮ್ಮು ಬರುವುದಕ್ಕೆ ಮುಂಚೆ ಹೊಸದಾಗಿ ಯಾವುದಾದರೂ ಮಾತ್ರೆ ಶುರು ಮಾಡಿದ್ದಿರಾ?” ನಾನು ಬಿ.ಪಿ. ಮಾತ್ರೆಯ ಹೆಸರು ಹೇಳಿದೆ. ಅವರು ಅದನ್ನು ನಿಲ್ಲಿಸಿ ಲೊಸಾರ್ಟಾನ್ ಎಂಬ ಬೇರೊಂದನ್ನು ಬರೆದುಕೊಟ್ಟು, “ಎರಡು ಮೂರು ವಾರ ತಾಳಿಕೊಳ್ಳಿ, ಹೋಗುತ್ತದೆ” ಎಂದರು. ಮೂರನೆಯ ವಾರದ ಒಂದು ರಾತ್ರಿ ಮಲಗಿದವನಿಗೆ ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲಿತ್ತು.

ಈ ಅನುಭವದಲ್ಲಿ ಅಸಾಧಾರಣವಾದದ್ದೇನೂ ಇಲ್ಲ. ಎನಾಲಪ್ರಿಲ್ ವರ್ಗದ ಔಷಧಗಳನ್ನು ಸೇವಿಸುವವರಲ್ಲಿ ನೂರಕ್ಕೆ 5ರಿಂದ 20 ಮಂದಿಗೆ ಇಂತಹ ಕೆಮ್ಮು ಬರುವುದೆಂದು ವೈದ್ಯಗ್ರಂಥಗಳಲ್ಲಿದೆ. ಸ್ತ್ರೀಯರಲ್ಲಿ ಅದು ಇನ್ನೂ ಹೆಚ್ಚು. ಹಾಗಿದ್ದರೂ, ತನ್ನ ದೇಹದಲ್ಲಿ ನಡೆಯುತ್ತಿರುವುದೇನೆಂದು ತಿಳಿಯದೆ ಐದು ತಿಂಗಳು ತೊಳಲಿದವನಿಗೆ ಅದು ಅಸಾಧಾರಣವೇ ಆಗಿತ್ತು. ಔಷಧದ ದುಷ್ಪರಿಣಾಮವು ಎಷ್ಟು ಜನರಲ್ಲಿ ಕಂಡುಬರುತ್ತದೆಂಬುದು ಅಂಕಿಅಂಶಗಳ ವಿಷಯ. ಅದು ಹೇಳದೆ ಕೇಳದೆ ಬಂದಾಗ ಯಾವುದಾದರೂ ಒಂದೇ, ಅನುಭವಿಸುವವನ ಪಾಲಿಗೆ ಲೋಕದಲ್ಲಿ ಮೊತ್ತಮೊದಲು ತನಗೊಬ್ಬನಿಗೇ ಒದಗಿದ ವಿಪತ್ತು. ನಾನು ಈ ಲೇಖನದಲ್ಲಿ ಪ್ರತಿಪಾದಿಸಬೇಕೆಂದಿರುವುದು ಇಷ್ಟು: ಔಷಧಿಯು ತನ್ನ ಮೈಯಲ್ಲಿ ಮಾಡಿದ್ದನ್ನು ರೋಗಿಯು ತನ್ನ ಮಾತಿನಲ್ಲಿ ಹೇಳುವುದು ಗೊಣಗಾಟವೂ ಅಲ್ಲ, ವೈದ್ಯನಿಗೆ ತೋರುವ ಅವಿನಯವೂ ಅಲ್ಲ, ಅದು ಚಿಕಿತ್ಸೆಯ ಒಂದು ಭಾಗ, ಮತ್ತು ಆ ಭಾಗವನ್ನು ರೋಗಿಯ ಹೊರತು ಇನ್ನಾರೂ ನಿರ್ವಹಿಸಲಾರರು.

ನನ್ನ ಕೆಮ್ಮಿನ ಮೂಲವನ್ನು ಹುಡುಕುತ್ತ ಹೋದರೆ ನಾವು ಬ್ರೆಜಿಲ್ ದೇಶದ ಒಂದು ವಿಷಸರ್ಪದ ಬಳಿಗೆ ಹೋಗಿ ನಿಲ್ಲುತ್ತೇವೆ. ಜರರಾಕಾ ಎಂಬ ಆ ಹಾವು ಕಚ್ಚಿದವರ ರಕ್ತದೊತ್ತಡವು ಒಮ್ಮೆಗೇ ಕುಸಿಯುವುದನ್ನು ಕಂಡ ಅಲ್ಲಿಯ ವಿಜ್ಞಾನಿಗಳು ಅದರ ಕಾರಣವನ್ನು ಅರಸಿದರು. ರೋಶಾ ಇ ಸಿಲ್ವ ಮತ್ತು ಅವರ ಸಂಗಡಿಗರು 1940ರ ದಶಕದ ಕೊನೆಯಲ್ಲಿ ಬ್ರ್ಯಾಡಿಕೈನಿನ್ ಎಂಬ ವಸ್ತುವನ್ನು ಗುರುತಿಸಿದರು. ಅದು ರಕ್ತನಾಳಗಳನ್ನು ಸಡಿಲಗೊಳಿಸತಕ್ಕದ್ದು. ಆ ವಸ್ತುವು ಬೇಗನೆ ನಾಶವಾಗದಂತೆ ತಡೆಯುವ ಅಂಶವೊಂದು ಹಾವಿನ ವಿಷದಲ್ಲಿಯೇ ಇದೆಯೆಂಬುದನ್ನು 1965ರಲ್ಲಿ ಸೆರ್ಜಿಯೊ ಫೆರೇರಾ ಪ್ರಕಟಿಸಿದರು. ಅದನ್ನು ಮಾದರಿಯಾಗಿಟ್ಟುಕೊಂಡು ರಸಾಯನಶಾಸ್ತ್ರಜ್ಞರು ಕಟ್ಟಿದ ಕ್ಯಾಪ್ಟೋಪ್ರಿಲ್ ಎಂಬ ಔಷಧವು 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ನಾನು ನುಂಗುತ್ತಿದ್ದುದು ಅದರ ತಮ್ಮ. ಈ ಔಷಧಗಳು ನಮ್ಮ ದೇಹದ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ಆ ಕಿಣ್ವಕ್ಕೆ ಎರಡು ಕೆಲಸ: ರಕ್ತನಾಳಗಳನ್ನು ಬಿಗಿಯುವ ವಸ್ತುವನ್ನು ಸಿದ್ಧಪಡಿಸುವುದು ಒಂದು, ಬ್ರ್ಯಾಡಿಕೈನಿನ್ನನ್ನು ಒಡೆದುಹಾಕುವುದು ಇನ್ನೊಂದು. ಮೊದಲನೆಯದು ನಿಂತುದರಿಂದ ನನ್ನ ರಕ್ತದೊತ್ತಡ ಇಳಿಯಿತು. ಎರಡನೆಯದು ನಿಂತುದರಿಂದ ಬ್ರ್ಯಾಡಿಕೈನಿನ್ ಶ್ವಾಸಮಾರ್ಗದಲ್ಲಿ ಸಂಚಯಗೊಂಡು, ಅಲ್ಲಿಯ ನರಗಳನ್ನು ಕೆರಳಿಸಿ, ಕೋಳಿಯ ಗರಿಯಾಡಿಸಿತು.

ಅಂದಮೇಲೆ ‘ಅಡ್ಡಪರಿಣಾಮ’ ಎಂದು ನಾವು ರೂಢಿಯಲ್ಲಿ ಬಳಸುವ ಶಬ್ದವನ್ನು ಸ್ವಲ್ಪ ಪರಿಶೀಲಿಸಬೇಕಾಗುತ್ತದೆ. ನೇರವಾದದ್ದು ಯಾವುದು, ಅಡ್ಡವಾದದ್ದು ಯಾವುದು ಎಂಬ ವಿಂಗಡಣೆಯು ಮನುಷ್ಯನ ಅಪೇಕ್ಷೆಗೆ ಸೇರಿದ್ದೇ ಹೊರತು ದೇಹಕ್ಕಾಗಲಿ ಔಷಧಕ್ಕಾಗಲಿ ಅದರ ಅರಿವಿಲ್ಲ. ಒಂದೇ ಕ್ರಿಯೆಯು ಒಂದೆಡೆ ನಮ್ಮ ಉದ್ದೇಶಕ್ಕೆ ಒಪ್ಪುತ್ತದೆ, ಇನ್ನೊಂದೆಡೆ ಒಪ್ಪುವುದಿಲ್ಲ. ಇದನ್ನು ತಿಳಿದವನು ತನಗೆ ಬಂದ ಉಪದ್ರವವನ್ನು ಔಷಧಿಯ ಕಲಬೆರಕೆಯೆಂದೋ, ವೈದ್ಯನ ಅಜ್ಞಾನವೆಂದೋ, ತನ್ನ ಶರೀರದ ದೌರ್ಬಲ್ಯವೆಂದೋ ಭ್ರಮಿಸಿ ಸಿಟ್ಟಾಗುವುದಿಲ್ಲ. ನಮ್ಮ ಆಯುರ್ವೇದವು ‘ಸಾತ್ಮ್ಯ’ ಎಂಬ ಮಾತನ್ನು ಬಳಸುತ್ತದೆ: ಯಾವುದು ಯಾರ ಮೈಗೆ ಒಗ್ಗುತ್ತದೆಯೋ ಅದು ಅವರಿಗೆ ಸಾತ್ಮ್ಯ. ಹಳ್ಳಿಯ ಅಜ್ಜಿ “ಆ ಮಾತ್ರೆ ನಂಗೆ ಹಿಡಿಸಲಿಲ್ಲ ಕಣಪ್ಪ” ಎನ್ನುವಾಗ ಅವಳು ಹೇಳುತ್ತಿರುವುದೂ ಅದನ್ನೇ. ಮಾತ್ರೆ ಕೆಟ್ಟದ್ದೆಂದು ಅವಳು ಹೇಳಲಿಲ್ಲ, ವೈದ್ಯ ಕೆಟ್ಟವನೆಂದೂ ಹೇಳಲಿಲ್ಲ; ಒಂದು ವಸ್ತುವಿಗೂ ಒಂದು ಶರೀರಕ್ಕೂ ಹೊಂದಿಕೆಯಾಗಲಿಲ್ಲವೆಂಬ ಸತ್ಯವನ್ನು ಯಾರ ಮೇಲೂ ಆರೋಪವಿಲ್ಲದ ನುಡಿಯಲ್ಲಿ ಹೇಳಿದಳು.

ಆ ಮಾತನ್ನು ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ ನನ್ನ ಕೆಮ್ಮು ಒಂದು ಸಣ್ಣ ನಿದರ್ಶನ. ಔಷಧಿಯಿಂದ ಹುಟ್ಟಿದ ತೊಂದರೆಯನ್ನು ಹೊಸ ರೋಗವೆಂದು ತಿಳಿದು ಅದಕ್ಕೊಂದು ಔಷಧ, ಆ ಔಷಧದ ತೊಂದರೆಗೆ ಮಗುದೊಂದು ಔಷಧ ಎಂದು ಸರಪಣಿ ಬೆಳೆಯುತ್ತ ಹೋಗುತ್ತದೆ. ಮೊದಲನೆಯ ಕೊಂಡಿಯನ್ನು ಯಾರೂ ಮುಟ್ಟುವುದಿಲ್ಲ. ದೊಡ್ಡ ನಿದರ್ಶನ ಬೇಕಾದರೆ ಜಪಾನಿನಲ್ಲಿ ನಡೆದುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇಂತಹ ವಿಷಯದಲ್ಲಿ ಅದಕ್ಕಿಂತ ಬೋಧಪ್ರದವಾದ ವೃತ್ತಾಂತ ನನಗೆ ತಿಳಿದಿಲ್ಲ.

1950ರ ದಶಕದ ಉತ್ತರಾರ್ಧದಿಂದ ಜಪಾನಿನಲ್ಲಿ ವಿಚಿತ್ರವಾದೊಂದು ವ್ಯಾಧಿ ಕಾಣಿಸಿಕೊಂಡಿತು. ಮೊದಲು ಹೊಟ್ಟೆನೋವು, ಭೇದಿ. ಅನಂತರ ಪಾದಗಳಲ್ಲಿ ಜೋಮು, ಉರಿ. ಆ ಜಡತೆ ಮೇಲೇರುತ್ತ ಹೋಗಿ ಕಾಲುಗಳ ಬಲ ಹೋಗುವುದು. ಕೆಲವರಿಗೆ ದೃಷ್ಟಿಯೇ ನಂದುವುದು. ಸುಮಾರು 10,000 ಮಂದಿ ಅದಕ್ಕೆ ತುತ್ತಾದರು. ಒಂದೇ ಊರಿನಲ್ಲಿ, ಒಂದೇ ಆಸ್ಪತ್ರೆಯ ಸುತ್ತಮುತ್ತ ಹಲವರಿಗೆ ಬರುತ್ತಿದ್ದುದರಿಂದ ಅದು ಅಂಟುರೋಗವೆಂಬ ಶಂಕೆ ಬಲವಾಯಿತು; ವೈರಸ್ಸೊಂದು ಸಿಕ್ಕಿತೆಂಬ ವಾರ್ತೆ 1970ರ ಆರಂಭದಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾದ ಮೇಲಂತೂ ರೋಗಿಗಳನ್ನು ನೆರೆಹೊರೆಯವರು ದೂರವಿಟ್ಟರು, ಬಂಧುಗಳೂ ದೂರವಿಟ್ಟರು. ಕೆಲವರು ಆ ಅವಮಾನವನ್ನು ತಾಳಲಾರದೆ ಪ್ರಾಣವನ್ನೇ ಕಳೆದುಕೊಂಡರು. ನಮ್ಮ ಮನೆಗೆ ಬಾರದೆಹೋದ ಆ ಮಗುವನ್ನು ನೆನೆದಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ರೋಗಿಗಳಲ್ಲಿ ಒಂದು ವಿಲಕ್ಷಣ ಚಿಹ್ನೆಯಿತ್ತು. ಅವರ ನಾಲಗೆಯ ಮೇಲೆ ಹಸಿರು ಬಣ್ಣದ ಲೇಪ ಕಾಣುತ್ತಿತ್ತು. ಕೆಲವರ ಮೂತ್ರವೂ ಹಸಿರಾಗಿರುತ್ತಿತ್ತು. ವರ್ಷಗಟ್ಟಲೆ ಇದು ಆ ರೋಗದ ಮತ್ತೊಂದು ಲಕ್ಷಣವೆಂದು ಪರಿಗಣಿತವಾಗಿತ್ತು. 1970ರಲ್ಲಿ ಆ ಹಸಿರನ್ನು ರಾಸಾಯನಿಕ ಪರೀಕ್ಷೆಗೆ ಒಳಪಡಿಸಿದಾಗ, ಅದು ಕ್ಲಿಯೊಕ್ವಿನಾಲ್ ಎಂಬ ಔಷಧವು ಕಬ್ಬಿಣದೊಂದಿಗೆ ಕೂಡಿ ಆದ ವಸ್ತುವೆಂದು ಸಿದ್ಧವಾಯಿತು. ಕ್ಲಿಯೊಕ್ವಿನಾಲ್ ಭೇದಿಗೆ ಕೊಡುತ್ತಿದ್ದ ಔಷಧ. ಎಂಟರೋವಯೋಫಾರ್ಮ್ ಎಂಬ ಹೆಸರಿನಿಂದ ನಮ್ಮ ದೇಶದ ಮನೆಗಳಲ್ಲಿಯೂ ಒಂದು ಕಾಲಕ್ಕೆ ಸುಪರಿಚಿತವಾಗಿದ್ದುದು. ನಿಗಾಟ ವಿಶ್ವವಿದ್ಯಾನಿಲಯದ ತಡಾವೊ ತ್ಸುಬಾಕಿಯವರು ರೋಗಿಗಳು ಸೇವಿಸಿದ್ದ ಔಷಧಗಳ ಲೆಕ್ಕವನ್ನು ತೆಗೆದು, ಬಹುಮಂದಿ ಆ ವ್ಯಾಧಿ ತಗಲುವುದಕ್ಕೆ ಮುನ್ನ ಅದನ್ನೇ ಸೇವಿಸಿದ್ದರೆಂದು ತೋರಿಸಿಕೊಟ್ಟರು. ಆ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರವು ಅದರ ಮಾರಾಟವನ್ನು ತಡೆಯಿತು. ಹೊಸ ರೋಗಿಗಳು ಬರುವುದು ಬಹುಮಟ್ಟಿಗೆ ನಿಂತೇಹೋಯಿತು.

ಈ ವೃತ್ತಾಂತದಲ್ಲಿ ಎದೆಯನ್ನು ಹಿಂಡುವ ಅಂಶ ಇನ್ನೊಂದಿದೆ. ಹೊಟ್ಟೆನೋವಿಗೆಂದು ಕೊಟ್ಟ ಆ ಔಷಧವೇ ಹೊಟ್ಟೆನೋವನ್ನು ತರಬಲ್ಲುದಾಗಿತ್ತು. ನೋವು ಹೆಚ್ಚಿತೆಂದು ರೋಗಿ ಹೇಳಿದಾಗ ರೋಗ ಬಲಿಯಿತೆಂದು ತಿಳಿದು ಔಷಧದ ಪ್ರಮಾಣವನ್ನು ಏರಿಸುತ್ತಿದ್ದರು. ರೋಗಿ ಮಾತನಾಡಲಿಲ್ಲವೆಂದಲ್ಲ, ಮಾತನಾಡಿದ. ಅವನ ನಾಲಗೆಯೇ ಹಸಿರಾಗಿ ಸಾಕ್ಷಿ ನುಡಿಯುತ್ತಿತ್ತು. ಆ ಸಾಕ್ಷ್ಯವನ್ನು ರೋಗದ ಖಾತೆಗೆ ಬರೆದುಕೊಂಡರೇ ಹೊರತು ಔಷಧದ ಖಾತೆಗೆ ಬರೆಯಬೇಕಾದೀತೆಂದು ಹಲವು ವರ್ಷ ಯಾರಿಗೂ ಹೊಳೆಯಲಿಲ್ಲ.

ಇಷ್ಟೆಲ್ಲ ಪರೀಕ್ಷೆ ನಡೆಸಿ ಮಾರುಕಟ್ಟೆಗೆ ತರುವ ಔಷಧದ ದೋಷವು ಮೊದಲೇ ತಿಳಿಯಬಾರದೇಕೆ ಎಂದು ಓದುಗರು ಕೇಳಬಹುದು, ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಗಣಿತದಲ್ಲಿದೆ. ಹೊಸ ಔಷಧವನ್ನು ಸಾಮಾನ್ಯವಾಗಿ ಕೆಲವು ಸಾವಿರ ಜನರ ಮೇಲೆ ಪರೀಕ್ಷಿಸುತ್ತಾರೆ. 3,000 ಮಂದಿಗೆ ಕೊಟ್ಟು ಒಬ್ಬರಿಗೂ ಒಂದು ನಿರ್ದಿಷ್ಟ ಕೇಡು ಆಗಲಿಲ್ಲವೆನ್ನೋಣ. ಆಗಲೂ ನಾವು ಸಾಕಷ್ಟು ಖಚಿತವಾಗಿ ಹೇಳಬಹುದಾದುದು, ಆ ಕೇಡು 1,000 ಮಂದಿಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಆಗಲಾರದೆಂಬಷ್ಟನ್ನೇ. 10,000ಕ್ಕೆ ಒಬ್ಬರಿಗೆ ಬರತಕ್ಕದ್ದು ಆ ಪರೀಕ್ಷೆಯ ಬಲೆಯಿಂದ ನುಸುಳಿಹೋಗುವ ಸಂಭವವೇ ಹೆಚ್ಚು. ಅದಲ್ಲದೆ ಪರೀಕ್ಷೆಗೆ ಒಳಗಾಗುವವರು ಬಹುಮಟ್ಟಿಗೆ ಆಯ್ದ ಜನ. ಎಂಬತ್ತು ದಾಟಿದ ಮುದುಕಿ, ಸಕ್ಕರೆ ಕಾಯಿಲೆಗೂ ಮಂಡಿನೋವಿಗೂ ನಿದ್ರೆಗೂ ಸೇರಿ ಏಳು ಬಗೆಯ ಮಾತ್ರೆ ನುಂಗುವ ನಿವೃತ್ತ ಗುಮಾಸ್ತ, ಬಸುರಿ, ಇವರು ಅಲ್ಲಿ ಅಪರೂಪ. ಔಷಧವು ಅಂಗಡಿಗೆ ಬಂದು ಲಕ್ಷಾಂತರ ಜನರ ಮೈ ಸೇರಿದ ಮೇಲೆಯೇ ಅದರ ಪೂರ್ಣಸ್ವರೂಪ ಪ್ರಕಟವಾಗತಕ್ಕದ್ದು. ಹೀಗೆ ನೋಡಿದರೆ, ಮನೆಯ ಜಗಲಿಯ ಮೇಲೆ ಕುಳಿತು ಮಾತ್ರೆ ನುಂಗುವ ಪ್ರತಿಯೊಬ್ಬ ರೋಗಿಯೂ, ತಾನು ಬಯಸಲಿ ಬಿಡಲಿ, ಆ ಔಷಧದ ಪರೀಕ್ಷೆಯ ಕೊನೆಯ ಹಂತದಲ್ಲಿ ಪಾಲುಗೊಂಡಿದ್ದಾನೆ. ಅವನು ಮೌನವಾಗಿದ್ದರೆ ಪರೀಕ್ಷೆ ನಡೆಯುತ್ತಲೇ ಇರುತ್ತದೆ, ಫಲಿತಾಂಶ ಮಾತ್ರ ಯಾರಿಗೂ ತಲಪುವುದಿಲ್ಲ.

ಜಗತ್ತು ಇದನ್ನು ಕಲಿತದ್ದು ದುಬಾರಿಯಾದ ಬೆಲೆ ತೆತ್ತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಗೆಂದು ಮಾರಾಟಕ್ಕೆ ಬಂದು, ಬಸುರಿಯರ ವಾಕರಿಕೆಗೂ ಬಳಕೆಯಾದ ಥ್ಯಾಲಿಡೊಮೈಡ್‌ನಿಂದ 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲುಗಳು ಬೆಳೆಯದೆ ಜನಿಸಿದರು. ಹ್ಯಾಂಬರ್ಗಿನ ವಿಡುಕಿಂಡ್ ಲೆಂಜ್ ಎಂಬ ವೈದ್ಯರು ತಾಯಂದಿರನ್ನು ವಿಚಾರಿಸಿ ನೋಡಿದುದರಿಂದಲೂ, ಆಸ್ಟ್ರೇಲಿಯದ ವಿಲಿಯಂ ಮೆಕ್‌ಬ್ರೈಡ್ ಎಂಬವರು 1961ರ ಡಿಸೆಂಬರಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದ ಒಂದು ಪುಟ್ಟ ಪತ್ರದಿಂದಲೂ ಲೋಕಕ್ಕೆ ಕಾರಣ ತಿಳಿಯಿತು. ಆಮೇಲೆ ಬ್ರಿಟನ್ನಿನಲ್ಲಿ 1964ರಲ್ಲಿ, ಔಷಧಿಗಳ ದುಷ್ಪರಿಣಾಮವನ್ನು ವೈದ್ಯರು ವರದಿಮಾಡುವುದಕ್ಕಾಗಿ ಹಳದಿ ಕಾರ್ಡಿನ ಪದ್ಧತಿ ಬಂದಿತು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ದೇಶಗಳನ್ನು ಕೂಡಿಸಿಕೊಂಡು ಇದೇ ಕೆಲಸವನ್ನು ಆರಂಭಿಸಿತು. ಭಾರತದ ಔಷಧ ಜಾಗೃತಿ ಕಾರ್ಯಕ್ರಮವು 2010ರಲ್ಲಿ ಆರಂಭವಾಗಿ, ಈಗ ಗಾಜಿಯಾಬಾದಿನ ಭಾರತೀಯ ಫಾರ್ಮಾಕೋಪಿಯಾ ಆಯೋಗದ ಮೂಲಕ ನಡೆಯುತ್ತಿದೆ. ವೈದ್ಯರಷ್ಟೇ ಅಲ್ಲ, ರೋಗಿಯೇ ತನ್ನ ತೊಂದರೆಯನ್ನು ಅಲ್ಲಿಗೆ ತಿಳಿಸಬಹುದು. ಅದಕ್ಕೆಂದು ಕನ್ನಡದಲ್ಲಿಯೇ ನಮೂನೆಯುಂಟು, 1800-180-3024 ಎಂಬ ಶುಲ್ಕವಿಲ್ಲದ ದೂರವಾಣಿಯುಂಟು. ಮುಟ್ಟಿನ ಹೊಟ್ಟೆನೋವಿಗೆಂದು ನಮ್ಮ ಹೆಣ್ಣುಮಕ್ಕಳು ವೈದ್ಯರನ್ನು ಕೇಳದೆಯೂ ನುಂಗುವ ಮೆಫೆನಾಮಿಕ್ ಆಮ್ಲದ ಮಾತ್ರೆಯು ಅಪರೂಪಕ್ಕೆ ಜ್ವರ, ಚರ್ಮದ ದದ್ದು ಮತ್ತು ಒಳಾಂಗಗಳ ಉರಿಯೂತದಿಂದ ಕೂಡಿದ ಗಂಭೀರ ಸ್ಥಿತಿಯನ್ನು ತರಬಲ್ಲದೆಂದು ಆ ಆಯೋಗವು 2023ರ ನವೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿತಷ್ಟೆ. ಅದು ಹೊರಬಿದ್ದುದು ಹೀಗೆ ಬಂದು ಸೇರಿದ ವರದಿಗಳಿಂದಲೇ.

ನನ್ನ ವಾದಕ್ಕೆ ಎದುರಾಗಿ ಹೇಳಬಹುದಾದ ಪ್ರಬಲವಾದ ಮಾತೊಂದಿದೆ, ಅದನ್ನು ಮರೆಮಾಚಿ ಮುಂದುವರಿಯುವುದು ಪ್ರಾಮಾಣಿಕತೆಯಲ್ಲ. ಔಷಧದಿಂದ ಕೇಡಾದೀತೆಂಬ ಭಯವೇ ಕೇಡಿನ ಅನುಭವವನ್ನು ಹುಟ್ಟಿಸಬಲ್ಲುದು. ರಕ್ತದ ಕೊಬ್ಬನ್ನು ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಯಿಂದ ಮೈಕೈ ನೋವು ಮುಂತಾದ ಬಾಧೆಯೆಂದು ಅದನ್ನು ಬಿಟ್ಟಿದ್ದ 60 ಮಂದಿಯನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಒಂದು ವರ್ಷ ಪರೀಕ್ಷಿಸಿ, 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಾಲ್ಕು ತಿಂಗಳು ನಿಜವಾದ ಮಾತ್ರೆ, ನಾಲ್ಕು ತಿಂಗಳು ಅದೇ ರೂಪದ ಹುಸಿಮಾತ್ರೆ, ನಾಲ್ಕು ತಿಂಗಳು ಏನೂ ಇಲ್ಲ. ಯಾವ ತಿಂಗಳಿನ ಮಾತ್ರೆ ನಿಜ, ಯಾವುದು ಹುಸಿ ಎಂಬುದು ಸೇವಿಸುವವರಿಗೆ ತಿಳಿಯದು. ಅವರು ತಮ್ಮ ಬಾಧೆಯನ್ನು ದಿನವೂ ನೂರರ ಅಳತೆಯಲ್ಲಿ ಗುರುತುಹಾಕಬೇಕಾಗಿತ್ತು. ಮಾತ್ರೆಯಿಲ್ಲದ ತಿಂಗಳುಗಳಲ್ಲಿ ಬಾಧೆಯ ಸರಾಸರಿ 8. ನಿಜವಾದ ಮಾತ್ರೆಯಲ್ಲಿ 16.3, ಹುಸಿಮಾತ್ರೆಯಲ್ಲಿ 15.4. ಎಂದರೆ ಆ ಬಾಧೆಯ ಹತ್ತರಲ್ಲಿ ಒಂಬತ್ತು ಪಾಲು ಮಾತ್ರೆಯೊಳಗಿನ ವಸ್ತುವಿನಿಂದ ಬಂದುದಲ್ಲ, ಮಾತ್ರೆ ನುಂಗುವ ಕ್ರಿಯೆಯೊಂದಿಗೆ ಬಂದುದು.

ಇದನ್ನು ಓದಿದ ಕೆಲವರು, ರೋಗಿಯ ಮಾತನ್ನು ನಂಬಬಾರದೆಂಬುದಕ್ಕೆ ಇದೇ ಪ್ರಮಾಣವೆಂದಾರು. ನನಗೆ ತೋರುವುದು ಅದಕ್ಕೆ ವಿರುದ್ಧವಾದುದು. ಆ ಅರವತ್ತು ಮಂದಿಯ ನೋವು ನೋವೇ ಆಗಿತ್ತು. ಸಂದೇಹವಿದ್ದುದು ಕಾರಣದ ವಿಷಯದಲ್ಲಿ. ಪರೀಕ್ಷಕರು ಅವರಿಗೆ “ಎಲ್ಲ ನಿಮ್ಮ ಮನಸ್ಸಿನ ಭ್ರಮೆ” ಎಂದು ಹೇಳಿ ಕಳುಹಿಸಲಿಲ್ಲ. ಅವರ ಮಾತನ್ನು ಒಂದು ವರ್ಷ ದಿನದಿನವೂ ಬರೆದುಕೊಂಡರು, ಬರೆದುದನ್ನು ಅವರ ಮುಂದೆಯೇ ಬಿಚ್ಚಿಟ್ಟರು. ಪರಿಣಾಮವೇನೆಂದರೆ, ಹಿಂದೆ ಮಾತ್ರೆಯನ್ನು ತ್ಯಜಿಸಿದ್ದವರಲ್ಲಿ ಅರ್ಧದಷ್ಟು ಮಂದಿ ತಾವಾಗಿಯೇ ಅದನ್ನು ಮತ್ತೆ ಸೇವಿಸತೊಡಗಿದರು. ರೋಗಿಯ ಮಾತು ಸಾಕ್ಷ್ಯ. ಸಾಕ್ಷ್ಯವನ್ನು ದಾಖಲಿಸಿಕೊಂಡು ವಿಮರ್ಶಿಸಬೇಕೇ ಹೊರತು ವಿಮರ್ಶೆಗೆ ಮುಂಚೆಯೇ ತಳ್ಳಿಹಾಕುವುದಾಗಲಿ, ಕಣ್ಣುಮುಚ್ಚಿ ತೀರ್ಪಿನಂತೆ ಸ್ವೀಕರಿಸುವುದಾಗಲಿ ನ್ಯಾಯವಲ್ಲ. ನನ್ನ ಕೆಮ್ಮಿನ ವಿಷಯದಲ್ಲಿಯೂ ವೈದ್ಯರು ಮಾಡಿದುದು ಅಂತಹ ವಿಮರ್ಶೆಯನ್ನೇ: ಮಾತ್ರೆ ನಿಲ್ಲಿಸಿ ಕೆಮ್ಮು ನಿಲ್ಲುವುದೋ ಇಲ್ಲವೋ ಕಾದು ನೋಡಿದರು.

ಇನ್ನು ನಮ್ಮ ಕಡೆಯ ವಿಶೇಷವಾದ ತೊಡಕುಗಳು. ಮಾತ್ರೆಯಿಂದ ಬಾಯಿ ಹುಣ್ಣಾಗಲಿ, ಮೈ ತುರಿಸಲಿ, ತಲೆ ತಿರುಗಲಿ, ಹೊಟ್ಟೆ ಉರಿಯಲಿ, ನಾವು ಅದೆಲ್ಲಕ್ಕೂ ‘ಉಷ್ಣ’ ಎಂದು ಹೆಸರಿಟ್ಟು ಮಜ್ಜಿಗೆ ಕುಡಿದು ಸುಮ್ಮನಾಗುತ್ತೇವೆ. ಉಷ್ಣವೆಂಬ ಕಲ್ಪನೆ ಪೂರ್ವಿಕರದು, ಅದಕ್ಕೆ ತನ್ನದೇ ಆದ ಶಾಸ್ತ್ರವುಂಟು. ಆದರೆ ಎಲ್ಲ ಬಗೆಯ ಉಪದ್ರವಗಳನ್ನೂ ಆ ಒಂದೇ ಶಬ್ದದೊಳಗೆ ತುಂಬಿಬಿಟ್ಟರೆ ಯಾವುದು, ಎಂದಿನಿಂದ, ಯಾವ ಮಾತ್ರೆಯ ಅನಂತರ ಎಂಬ ವಿವರಗಳೆಲ್ಲ ಅದರಲ್ಲಿ ಮುಳುಗಿಹೋಗುತ್ತವೆ. ಬಾಯಿಹುಣ್ಣಿನೊಂದಿಗೆ ಜ್ವರವೂ ಮೈಮೇಲೆ ಬೊಕ್ಕೆಗಳೂ ಬಂದರೆ ಅದು ಮಜ್ಜಿಗೆಯಿಂದ ತಣಿಯುವ ಉಷ್ಣವಲ್ಲ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್‌ನಂತಹ ಔಷಧಗಳು ಅಪರೂಪಕ್ಕೆ ತರುವ, ಚರ್ಮವೇ ಸುಲಿದುಹೋಗುವ ಘೋರ ಸ್ಥಿತಿಯ ಆರಂಭವಾಗಿರಬಹುದು. ಆಗ ಆ ಹೊತ್ತೇ ಆಸ್ಪತ್ರೆ ಸೇರಬೇಕು. ತುಟಿ, ನಾಲಗೆ, ಮುಖ ಊದಿಕೊಂಡು ಉಸಿರು ಕಟ್ಟಿದರೂ ಹಾಗೆಯೇ. ನನಗೆ ಕೆಮ್ಮನ್ನು ಮಾತ್ರ ತಂದ ಮಾತ್ರೆಯು ಕೆಲವೇ ಕೆಲವರಿಗೆ ಅಂತಹ ಊತವನ್ನೂ ತರಬಲ್ಲುದು.

ಮೆಡಿಕಲ್ ಷಾಪಿನಲ್ಲಿ ನಡೆಯುವುದನ್ನು ಗಮನಿಸಿ. ಹತ್ತು ಮಾತ್ರೆಗಳ ಪಟ್ಟಿಯಿಂದ ನಾಲ್ಕನ್ನು ಕತ್ತರಿಯಿಂದ ಕತ್ತರಿಸಿ ಕಾಗದದ ಪುಟ್ಟ ಲಕೋಟೆಗೆ ಹಾಕಿ, ಅದರ ಮೇಲೆ ಬೆಳಗ್ಗೆ ಒಂದು ರಾತ್ರಿ ಒಂದು ಎಂಬುದಕ್ಕೆ ಗೆರೆ ಎಳೆದು ಕೊಡುತ್ತಾರೆ. ಹೆಸರಿದ್ದ ಭಾಗ ಅಂಗಡಿಯಲ್ಲುಳಿಯುತ್ತದೆ, ಅವಧಿಯ ದಿನಾಂಕ ಅರ್ಧ ತುಂಡಾಗಿರುತ್ತದೆ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ವಿವರಣಪತ್ರವೊಂದಿದ್ದರೆ ಅದು ರೋಗಿಯ ಕೈಗೆ ಬರುವುದಿಲ್ಲ. ಬಂದರೂ ಅದರ ಭಾಷೆ ಇಂಗ್ಲಿಷು, ಅಕ್ಷರ ಎಳ್ಳಿನ ಗಾತ್ರ. ತಾನು ನುಂಗಿದುದರ ಹೆಸರೇ ತಿಳಿಯದವನು ಅದು ತನಗೆ ಹಿಡಿಸಲಿಲ್ಲವೆಂಬುದನ್ನು ಯಾರಿಗೆ ಹೇಗೆ ತಿಳಿಸಬೇಕು? ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆಗೆಂಪು ಬಣ್ಣಕ್ಕೆ ತಿರುಗಿಸುತ್ತದೆ. ಬೆವರು, ಕಣ್ಣೀರುಗಳಿಗೂ ಆ ಬಣ್ಣ ಬರಬಹುದು. ಅದರಿಂದ ಅಪಾಯವಿಲ್ಲ. ಆದರೆ ಮೊದಲೇ ಹೇಳದಿದ್ದರೆ, ಮುಂಜಾನೆ ಅದನ್ನು ಕಂಡ ಕೂಲಿಕಾರನು ರಕ್ತವೇ ಹೋಗುತ್ತಿದೆಯೆಂದು ಹೆದರಿ, ತಿಂಗಳುಗಟ್ಟಲೆ ಬಿಡದೆ ಸೇವಿಸಬೇಕಾದ ಔಷಧವನ್ನು ಬಿಟ್ಟುಬಿಟ್ಟಾನು. “ಮೂತ್ರ ಕೆಂಪಾಗುತ್ತೆ, ಗಾಬರಿಯಾಗಬೇಡಿ” ಎಂಬ ನಾಲ್ಕು ಮಾತು ಅಲ್ಲಿ ಔಷಧದಷ್ಟೇ ಕೆಲಸ ಮಾಡುತ್ತದೆ.

ವೈದ್ಯರನ್ನು ಇಲ್ಲಿ ದೂಷಿಸುವುದು ನನ್ನ ಉದ್ದೇಶವಲ್ಲ. ಹೊರಗೆ ಬೆಂಚಿನ ಮೇಲೆ ಎಂಬತ್ತು ಜನ ಕಾದಿರುವಾಗ ಒಳಗೆ ಕುಳಿತವನಿಗೆ ಸಿಕ್ಕುವ ಕಾಲ ಎರಡು ನಿಮಿಷ. ಅಷ್ಟರಲ್ಲಿ ನಮ್ಮ ಜನ, ಡಾಕ್ಟರಿಗೆ ಎದುರು ಮಾತನಾಡಿದಂತಾದೀತೆಂಬ ಸಂಕೋಚದಿಂದ, ಮಾತ್ರೆ ಹೇಗಿದೆಯೆಂದು ಕೇಳಿದರೂ “ಪರವಾಗಿಲ್ಲ ಸಾರ್” ಎಂದುಬಿಡುತ್ತಾರೆ. ಮನೆಗೆ ಬಂದು ಮಾತ್ರೆಯನ್ನು ತಾವೇ ನಿಲ್ಲಿಸುತ್ತಾರೆ. ಹೀಗೆ ಸದ್ದಿಲ್ಲದೆ ಬಿಡುವುದು ತಾಳ್ಮೆಯಿಂದ ಸಹಿಸುವುದಕ್ಕಿಂತಲೂ ಅಪಾಯಕಾರಿ. ಹೃದಯದ ಬಡಿತವನ್ನು ತಗ್ಗಿಸುವ ಮಾತ್ರೆ, ಬಹುಕಾಲ ಸೇವಿಸಿದ ಸ್ಟೀರಾಯ್ಡ್, ಅಪಸ್ಮಾರದ ಮಾತ್ರೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆ, ಇವುಗಳನ್ನು ಒಮ್ಮೆಗೇ ಬಿಟ್ಟರೆ ಮೂಲರೋಗ ಮೊದಲಿಗಿಂತ ಉಗ್ರವಾಗಿ ಮರಳೀತು, ಪ್ರಾಣಕ್ಕೂ ಸಂಚಕಾರ ಬಂದೀತು. ಇಲ್ಲಿ ವೈದ್ಯನಿಗೆ ತಿಳಿಸುವುದೆಂದರೆ ಅಪ್ಪಣೆ ಬೇಡುವುದೆಂದಲ್ಲ. ಇಳಿಯುವ ಮೆಟ್ಟಿಲು ಎಲ್ಲೆಲ್ಲಿವೆಯೆಂದು ಕೇಳಿಕೊಳ್ಳುವುದು.

ಸಂಕೋಚಕ್ಕಿಂತ ಆಳವಾದದ್ದು ಲಜ್ಜೆ. ಕಂಪವಾತಕ್ಕೆ ಕೊಡುವ ಪ್ರಾಮಿಪೆಕ್ಸೋಲ್ ಮುಂತಾದ ಔಷಧಗಳು ಕೆಲವರಲ್ಲಿ ತಡೆಯಲಾಗದ ಜೂಜಿನ ಹುಚ್ಚನ್ನೋ, ಬೇಡದುದನ್ನೆಲ್ಲ ಕೊಳ್ಳುವ ಚಪಲವನ್ನೋ, ಅತಿಯಾದ ಕಾಮಾಸಕ್ತಿಯನ್ನೋ ಕೆರಳಿಸುತ್ತವೆಂಬುದು ಈಗ ನಿರ್ವಿವಾದವಾದ ಸಂಗತಿ. ಜೀವಮಾನವೆಲ್ಲ ಒಂದು ಲಾಟರಿ ಚೀಟಿಯನ್ನೂ ಮುಟ್ಟದ ಗೃಹಸ್ಥನೊಬ್ಬನು ಅರವತ್ತೈದನೆಯ ವಯಸ್ಸಿನಲ್ಲಿ ಉಳಿತಾಯವನ್ನೆಲ್ಲ ಆಟಕ್ಕೆ ಸುರಿದರೆ, ಅವನಾಗಲಿ ಅವನ ಮನೆಯವರಾಗಲಿ ಅದನ್ನು ಶೀಲದ ಪತನವೆಂದೇ ಭಾವಿಸಿ ಬಚ್ಚಿಡುವರು. ಕೈನಡುಕದ ಮಾತ್ರೆ ಬರೆದ ವೈದ್ಯನಿಗೆ ಅದನ್ನು ಹೇಳಬೇಕೆಂದು ಅವರಿಗೆ ಹೇಗೆ ತೋಚಬೇಕು? ಪ್ರಮಾಣವನ್ನು ಇಳಿಸಿದಾಗ, ಔಷಧವನ್ನು ಬದಲಿಸಿದಾಗ, ಆ ಹುಚ್ಚು ಬಹಳ ಜನರಲ್ಲಿ ಇಳಿದುಹೋಗುತ್ತದೆ. ಅಷ್ಟರಲ್ಲಿ ಮನೆ ಒಡೆದಿರುತ್ತದೆ. ಆದುದರಿಂದಲೇ ಇಂತಹ ಮಾತ್ರೆಯನ್ನು ಕೊಡುವ ದಿನವೇ, ರೋಗಿಯ ಪತ್ನಿಯನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಹೀಗೂ ಆಗಬಹುದೆಂದು ಹೇಳುವುದು ವೈದ್ಯನ ಧರ್ಮವೆಂದು ನಾನು ದೃಢವಾಗಿ ನಂಬಿದ್ದೇನೆ. ಹೇಳಿದುದರಿಂದ ಹುಸಿಬಾಧೆ ಹುಟ್ಟಬಹುದೆಂಬ ಅಂಜಿಕೆಯು ಹೇಳದೆ ಬಿಡುವುದಕ್ಕೆ ಇಲ್ಲಿ ಸಾಕಾದ ಕಾರಣವಲ್ಲ.

ಹೋದ ವರ್ಷದ ಭಾದ್ರಪದ ಕಳೆದ ಮೇಲೆ ತುಮಕೂರಿನಿಂದ ನನ್ನ ಅಕ್ಕ ಫೋನು ಮಾಡಿದ್ದಳು. ಅದೂ ಇದೂ ಮಾತನಾಡಿ ಮುಗಿಸುವ ಹೊತ್ತಿಗೆ, “ಕಾಲು ಊದಿಕೊಳ್ತಾ ಇದೆ ಕಣೋ. ಸಂಜೆ ಹೊತ್ತಿಗೆ ಚಪ್ಪಲಿ ಹಿಡಿಸಲ್ಲ. ವಯಸ್ಸಾಯ್ತಲ್ಲ, ಇನ್ನೇನು” ಎಂದಳು. ನೀರು ಇಳಿಯುವುದಕ್ಕೆ ಪಕ್ಕದ ಬೀದಿಯ ಡಾಕ್ಟರು ಒಂದು ಮಾತ್ರೆಯನ್ನೂ ಕೊಟ್ಟಿದ್ದರಂತೆ; ರಾತ್ರಿ ನಾಲ್ಕು ಸಲ ಬಚ್ಚಲಿಗೆ ಎದ್ದು ಹೋಗಿ ನಿದ್ದೆಯೂ ಕೆಟ್ಟಿತ್ತು. ಬಿ.ಪಿ. ಮಾತ್ರೆ ಯಾವುದು, ಓದಿ ಹೇಳೆಂದೆ. ಕನ್ನಡಕ ಹುಡುಕಿ ತಂದು, ಕತ್ತರಿಸಿದ ಪಟ್ಟಿಯನ್ನು ಬೆಳಕಿಗೆ ಹಿಡಿದು, “ಪೂರ್ತಿ ಇಲ್ಲ ಕಣೋ, ಕೊನೇಲಿ ‘ಡಿಪಿನ್’ ಅಂತ ಇದೆ” ಎಂದಳು. ಬಹುಶಃ ಅಮ್ಲೋಡಿಪಿನ್, ಪಾದಗಳ ಊತವು ಅದರಿಂದ ಸಾಮಾನ್ಯವಾಗಿ ಆಗತಕ್ಕದ್ದು. ಅದನ್ನು ಶುರುಮಾಡಿದ್ದು ಯಾವಾಗ ಎಂದರೆ ಅವಳಿಗೆ ನೆನಪಿರಲಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕಗಳನ್ನು ನೋಡಿಕೊಂಡು ಬಾ, ಡಾಕ್ಟರ ಹತ್ತಿರ ಹೋದ ದಿನ ಏನಾದರೂ ಗುರುತು ಹಾಕಿರುತ್ತೀಯೆ ಎಂದೆ. ಹಾಳೆ ಮಗುಚುವ ಸದ್ದು ಫೋನಿನಲ್ಲಿ ಕೇಳಿಸಿತು. ಆಷಾಢದ ಕೊನೆಯಲ್ಲಿ ಮಾತ್ರೆ. ಗೌರಿಹಬ್ಬದ ದಿನ ಕಾಲುಂಗುರ ಬಿಗಿಯಾಗಿ, ಸೋಪಿನ ನೀರು ಹಚ್ಚಿ ತೆಗೆದದ್ದು ಅವಳಿಗೆ ಆಗ ನೆನಪಾಯಿತು.

“ಮಾತ್ರೆ ಬಿಟ್ಟುಬಿಡಲೇನೋ ಹಾಗಾದ್ರೆ?” ಎಂದು ಕೇಳಿದಳು. ಬೇಡ, ಸೋಮವಾರ ಮೊದಲು ಬರೆದ ಡಾಕ್ಟರ ಬಳಿಗೇ ಹೋಗು, ಎರಡೂ ಪಟ್ಟಿಗಳನ್ನು ಕ್ಯಾಲೆಂಡರಿನ ಆ ಎರಡು ಹಾಳೆಗಳ ಸಮೇತ ತೆಗೆದುಕೊಂಡು ಹೋಗಿ ಮೇಜಿನ ಮೇಲಿಡು ಎಂದೆ. ಹಾಳೆ ಹರಿದರೆ ಹಾಲಿನವನ ಲೆಕ್ಕ ಹೋಗುತ್ತದಲ್ಲ ಎಂದು ಅವಳು ಸ್ವಲ್ಪ ಯೋಚಿಸಿದಳು. ಆಮೇಲೆ, “ಇರು, ಕ್ಯಾಲೆಂಡರನ್ನೇ ತಗೊಂಡು ಹೋಗ್ತೀನಿ” ಎಂದಳು. ಗೋಡೆಯ ಮೊಳೆಯಿಂದ ಅದನ್ನು ಅವಳು ಕಳಚಿದ ಸದ್ದೂ ನನಗೆ ಕೇಳಿಸಿತು.